ಹುಳು ಮನೆ ಯಾಕೆ ಬೆಚ್ಚಗಾಗುತ್ತಿಲ್ಲ?

ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋಗುತ್ತದೆ. ಅದರ ಹಿಂದೆಯೇ ರೇಷ್ಮೆ ಹುಳು ಮನೆಯ ಹೀಟರ್ ಕೂಡ ಮೂಲೆ ಸೇರುತ್ತದೆ. ಅಲ್ಲಿಂದ ದೀಪಾವಳಿಯವರೆಗೆ ಅದರ ನೆನಪು ಯಾರಿಗೂ ಇರುವುದಿಲ್ಲ. ಅದರ ಮೇಲೆ ಹಳೆಯ ಚಂದ್ರಿಕೆ ಬೀಳುತ್ತದೆ, ಸೊಪ್ಪಿನ ಗೋಣಿಚೀಲ ಬೀಳುತ್ತದೆ. ಕಾರ್ತಿಕ ಕಳೆದು ಇಬ್ಬನಿ ಬೀಳತೊಡಗಿದ ಮೇಲೆ ಚಾಕಿ ಹುಳು, ಅಂದರೆ ಮರಿ ಹುಳು, ಮನೆಗೆ ಬರುತ್ತದೆ. ಅಂದು ಸಂಜೆ ಹೀಟರ್ ಹುಡುಕಿ, ಧೂಳು ಕೊಡವಿ, ಪ್ಲಗ್ಗಿಗೆ ಹಾಕುತ್ತಾರೆ. ಅದು ಉರಿಯುತ್ತದೆ, ಕೆಂಪಗೂ ಆಗುತ್ತದೆ. ಆದರೂ ಮನೆ ಬೆಚ್ಚಗಾಗುವುದಿಲ್ಲ. ಬೆಳಗಿನ ಜಾವಕ್ಕೆ ಹುಳುಗಳು ಸೊಪ್ಪು ಬಿಟ್ಟು ಮುದುಡಿರುತ್ತವೆ. ಆಗ ಮನೆಮಂದಿಯೆಲ್ಲ ಹೇಳುವುದು ಒಂದೇ ಮಾತು, ಹೀಟರ್ ಕೆಟ್ಟಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ರೇಷ್ಮೆ ಬೆಳೆಗಾರರ ಮುಂದೆ ಈ ಹೊತ್ತು ನಾನು ಇಡುವ ವಾದ ಇಷ್ಟೇ. ಆ ತೀರ್ಪು ಬಹಳ ಬೇಗ ಬರುತ್ತಿದೆ. ಹೀಟರ್ ಮೇಲಿನ ಅನುಮಾನ ಎಲ್ಲಕ್ಕಿಂತ ಕೊನೆಗೆ ಬರಬೇಕು. ಅದಕ್ಕೂ ಮೊದಲು ಅಳತೆ ನೋಡಬೇಕು, ಮನೆ ನೋಡಬೇಕು, ಕರೆಂಟ್ ನೋಡಬೇಕು. ಈ ಸರದಿ ತಪ್ಪಿದರೆ ದುಡ್ಡೂ ಹೋಗುತ್ತದೆ, ಬೆಳೆಯೂ ಹೋಗುತ್ತದೆ.

ಮೊದಲಿಗೆ, ಶಾಖ ಬೇಕೇಬೇಕೇ ಎಂಬ ಪ್ರಶ್ನೆ. ರೇಷ್ಮೆ ಹುಳುವಿಗೆ ನಮ್ಮ ಹಾಗೆ ಮೈಯೊಳಗೆ ಕಾವು ಹುಟ್ಟಿಸಿಕೊಂಡು ಉಳಿಸಿಕೊಳ್ಳುವ ಶಕ್ತಿಯಿಲ್ಲ. ಸುತ್ತಲ ಗಾಳಿ ಎಷ್ಟು ತಣ್ಣಗಿದೆಯೋ ಅದರ ಮೈಯೂ ಹೆಚ್ಚುಕಡಿಮೆ ಅಷ್ಟೇ ತಣ್ಣಗಿರುತ್ತದೆ. ಚಾಕಿ ಹಂತದಲ್ಲಿ ಅದಕ್ಕೆ 27ರಿಂದ 28 ಡಿಗ್ರಿ ಬೇಕು. ಆಮೇಲೆ ಹುಳು ಒಂದೊಂದು ಜ್ವರ, ಅಂದರೆ ಪೊರೆ ಕಳಚುವ ಹೊತ್ತು, ಮುಗಿಸಿ ಎದ್ದ ಹಾಗೆಲ್ಲ ಒಂದೊಂದು ಡಿಗ್ರಿ ಇಳಿಸುತ್ತ ಹೋಗಬಹುದು. ಕೊನೆಯ ಹಂತಕ್ಕೆ 24 ಡಿಗ್ರಿ ಸಾಕು. ನಮ್ಮ ಸೀಮೆ ಸಮುದ್ರಮಟ್ಟದಿಂದ ಸುಮಾರು 800ರಿಂದ 900 ಮೀಟರ್ ಎತ್ತರದ ಬಯಲು. ಮಾಗಿಯಲ್ಲಿ ಆಕಾಶ ಮೋಡವಿಲ್ಲದೆ ತೆರೆದಿರುತ್ತದೆ. ಹಗಲಿನ ಕಾವನ್ನೆಲ್ಲ ನೆಲ ರಾತ್ರಿ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ 15 ಡಿಗ್ರಿ ಆಸುಪಾಸು ಇರುವುದು ಸಾಮಾನ್ಯ, ಕೆಲವು ದಿನ ಇನ್ನೂ ಕೆಳಗೆ. ಅಂದರೆ ಹೊರಗಿಗಿಂತ ಒಳಗೆ ಸುಮಾರು 10 ಡಿಗ್ರಿ ಹೆಚ್ಚಿಗೆ ಇರಬೇಕು. ನಮ್ಮ ತಾತನ ಕಾಲದಲ್ಲಿ ಯಾವ ಹೀಟರ್ ಇತ್ತು ಎಂದು ನೀವು ಕೇಳಬಹುದು. ಆಗ ಹುಳು ಸಾಕುತ್ತಿದ್ದದ್ದು ವಾಸದ ಮನೆಯಲ್ಲೇ. ಒಂದು ಕಡೆ ಅಡುಗೆ ಒಲೆ, ಇನ್ನೊಂದು ಕಡೆ ದನದ ಕೊಟ್ಟಿಗೆ, ಮೇಲೆ ಕಲ್ಲುಚಪ್ಪಡಿ ಹಾಸಿ ಮಣ್ಣೋ ಗಾರೆಯೋ ಹಾಕಿದ ಮಾಳಿಗೆ. ಆ ದಪ್ಪ ಮಾಳಿಗೆ ಹಗಲಿನ ಬಿಸಿಲನ್ನು ಹಿಡಿದಿಟ್ಟುಕೊಂಡು ರಾತ್ರಿಯೆಲ್ಲ ಸ್ವಲ್ಪಸ್ವಲ್ಪವೇ ಬಿಡುತ್ತಿತ್ತು. ಇಂದಿನ ಹುಳು ಮನೆ ತೋಟದಲ್ಲಿ ಒಂಟಿಯಾಗಿ ನಿಂತಿದೆ. ಒಲೆ ಇಲ್ಲ, ದನವಿಲ್ಲ, ಜನವಿಲ್ಲ, ಮೇಲೆ ತೆಳ್ಳನೆಯ ಶೀಟು. ತಾತ ಶಾಖ ಕೊಡದೆ ಸಾಕಲಿಲ್ಲ. ಶಾಖ ಕೊಡುತ್ತಿದ್ದುದು ಅವರಿಗೆ ಗೊತ್ತಾಗುತ್ತಿರಲಿಲ್ಲ, ಅಷ್ಟೆ. ದ್ವಿತಳಿ ಹುಳುವಾದರಂತೂ ಹಳೆಯ ನಾಟಿ ತಳಿಯಷ್ಟು ಗಟ್ಟಿಯಲ್ಲ ಎಂಬುದು ಸಾಕಿದವರಿಗೆಲ್ಲ ಗೊತ್ತು.

ಇನ್ನೊಂದು ಆಕ್ಷೇಪವೂ ಇದೆ. ಚಳಿಯಲ್ಲಿ ಬೆಳೆ ನಾಲ್ಕು ದಿನ ತಡವಾಗಬಹುದು, ಆದರೇನು, ಗೂಡು ಬಂದೇ ಬರುತ್ತದಲ್ಲ? ಬರುತ್ತದೆ, ಆದರೆ ಆ ನಾಲ್ಕು ದಿನ ಸೊಪ್ಪು ಹಾಕಬೇಕು, ಕೂಲಿ ಕೊಡಬೇಕು. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇದೆ. ತಣ್ಣನೆಯ ಮನೆಯಲ್ಲಿ ಹುಳು ಒಟ್ಟಿಗೆ ಜ್ವರಕ್ಕೆ ಕೂರುವುದಿಲ್ಲ, ಒಟ್ಟಿಗೆ ಏಳುವುದೂ ಇಲ್ಲ. ಒಂದೇ ಸ್ಟ್ಯಾಂಡಿನಲ್ಲಿ ಮೇಲಿನ ಅಂತಸ್ತಿನವು ಎದ್ದು ಸೊಪ್ಪು ಕೇಳುತ್ತಿದ್ದರೆ ಕೆಳಗಿನವು ಇನ್ನೂ ಜ್ವರದಲ್ಲಿರುತ್ತವೆ. ಕೊನೆಗೆ ಹಣ್ಣಾಗುವುದೂ ಹಾಗೆಯೇ, ಇಂದು ಕೆಲವು, ನಾಡಿದ್ದು ಕೆಲವು. ಕ್ಯಾಲನೂರಿನ ಮಾರುಕಟ್ಟೆಗೆ ಆ ಗೂಡು ಹೋದಾಗ ರೀಲರ್ ಕೈಗೆ ಅದು ಕೂಡಲೇ ಗೊತ್ತಾಗುತ್ತದೆ. ಇದರ ಜೊತೆಗೆ ಸುಣ್ಣಕಟ್ಟು ರೋಗ. ಅದು ಬೂಷ್ಟಿನಿಂದ ಬರುವ ರೋಗ. ತಂಪೂ ತೇವವೂ ಕೂಡಿದ ಕಡೆ ಅದು ಬೆಳೆಯುತ್ತದೆ. 1835ರಲ್ಲಿ ಇಟಲಿಯ ಅಗೊಸ್ತಿನೊ ಬಾಸ್ಸಿ ಈ ರೋಗಕ್ಕೆ ಕಣ್ಣಿಗೆ ಕಾಣದ ಬೂಷ್ಟೇ ಕಾರಣವೆಂದು ತೋರಿಸಿದ. ಸೂಕ್ಷ್ಮಜೀವಿಯಿಂದ ಪ್ರಾಣಿಗೆ ರೋಗ ಬರುತ್ತದೆ ಎಂದು ಲೋಕಕ್ಕೆ ಮೊದಲು ಮನದಟ್ಟಾದದ್ದು ಹೀಗೆ, ರೇಷ್ಮೆ ಹುಳುವಿನಿಂದ. ಮಾಗಿಯ ಮುಂಜಾನೆ ಶೀಟಿನ ಒಳಮೈಯಿಂದ ಹಾಸಿಗೆಯ ಮೇಲೆ ತೊಟ್ಟಿಕ್ಕುವ ನೀರು ಆ ಬೂಷ್ಟಿಗೆ ಹೇಳಿಮಾಡಿಸಿದ ಜಾಗ ಒದಗಿಸುತ್ತದೆ.

ಇಲ್ಲಿಯವರೆಗೆ ಹೇಳಿದ್ದು, ಶಾಖ ಬೇಕು, ಹೊರಗಿಗಿಂತ ಸುಮಾರು 10 ಡಿಗ್ರಿ ಹೆಚ್ಚು ಬೇಕು ಎಂಬುದು. ಇನ್ನು ಅಳತೆಯ ಮಾತು. ಮನೆ ತಣ್ಣಗಿದೆ ಎಂದು ನಿಮಗೆ ಗೊತ್ತಾದದ್ದು ಹೇಗೆ? ಮೈಗೆ ಚಳಿಯಾಯಿತು ಎಂದೇ? ಹೊರಗಿನಿಂದ ಒಳಗೆ ಬಂದವರಿಗೆ 20 ಡಿಗ್ರಿಯೂ ಬೆಚ್ಚಗೆ ಅನ್ನಿಸುತ್ತದೆ. ಜಪಾನಿನ ಫುಕುಶಿಮಾ ಸೀಮೆಯ ನಕಮುರಾ ಝೆನ್‌ಎಮೋನ್ ಎಂಬ ರೇಷ್ಮೆ ಬೆಳೆಗಾರ 1849ರಲ್ಲಿ ಹುಳು ಸಾಕುವುದಕ್ಕೆಂದೇ ಒಂದು ಥರ್ಮಾಮೀಟರ್ ಮಾಡಿದ. ಆ ಕಾಲದಲ್ಲಿ ಅಲ್ಲಿಯೂ ಜನ ಮೈಯ ಅಂದಾಜಿನಿಂದಲೇ ಬೆಂಕಿ ಹಾಕುತ್ತಿದ್ದರು. ನಮ್ಮ ಹುಳು ಮನೆಗಳಲ್ಲಿ ಗೋಡೆಗೆ ತೂಗುಹಾಕಿದ ಜೋಡಿ ಥರ್ಮಾಮೀಟರ್ ಇರುತ್ತದೆ, ಒಂದು ಒಣ ಬಲ್ಬ್, ಇನ್ನೊಂದು ಒದ್ದೆ ಬಲ್ಬ್. ಒದ್ದೆ ಬಲ್ಬಿಗೆ ಸುತ್ತಿದ ಬಟ್ಟೆಯ ಬತ್ತಿ ಕೆಳಗಿನ ಪುಟ್ಟ ಸೀಸೆಯ ನೀರಿನಲ್ಲಿ ಮುಳುಗಿರಬೇಕು. ಎಂಟು ತಿಂಗಳು ಹಾಗೇ ಬಿಟ್ಟರೆ ಸೀಸೆ ಒಣಗುತ್ತದೆ. ಬೋರ್‌ವೆಲ್ ನೀರಿನ ಗಡಸು ಬತ್ತಿಯಲ್ಲಿ ಕೂತು ಅದು ಕಡ್ಡಿಯ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ನೀರು ಹಾಕಿದರೂ ಅದು ಹೀರುವುದಿಲ್ಲ. ಆಗ ಎರಡು ಥರ್ಮಾಮೀಟರೂ ಒಂದೇ ಅಂಕಿ ತೋರಿಸುತ್ತವೆ. ಪಟ್ಟಿ ನೋಡಿದರೆ ತೇವಾಂಶ ನೂರಕ್ಕೆ ನೂರು ಎಂದಿರುತ್ತದೆ. ನಿಜಕ್ಕೆ ಗಾಳಿ ಒಣಗಿ ಹೋಗಿರುತ್ತದೆ. ಆದ್ದರಿಂದ ಋತುವಿನ ಮೊದಲ ಕೆಲಸ ಬತ್ತಿ ಬದಲಾಯಿಸುವುದು, ಸೀಸೆಗೆ ಮಳೆ ನೀರನ್ನೋ ಬಟ್ಟಿ ಇಳಿಸಿದ ಶುದ್ಧ ನೀರನ್ನೋ ತುಂಬುವುದು. ಎರಡನೆಯದು, ಅದನ್ನು ತೂಗುಹಾಕುವ ಜಾಗ. ಬಿಸಿ ಗಾಳಿ ಮೇಲಕ್ಕೇರುತ್ತದೆ. ಬಾಗಿಲ ಮೇಲೆ ತೂಗುಹಾಕಿದ ಥರ್ಮಾಮೀಟರ್ 26 ತೋರಿಸುವಾಗ ನೆಲದ ಹತ್ತಿರದ ಅಂತಸ್ತಿನ ಹುಳು ಅದಕ್ಕಿಂತ ಎಷ್ಟೋ ತಣ್ಣಗಿರಬಹುದು. ಹುಳುವಿನ ಹಾಸಿಗೆಯ ಮಟ್ಟಕ್ಕೆ ತೂಗುಹಾಕಿ. ಕೆಳಗಿನ ಅಂತಸ್ತಿಗೂ ಒಮ್ಮೆ ಹಿಡಿದು ನೋಡಿ.

ಅಳತೆ ಸರಿಯಾಯಿತು, ಮನೆ ನಿಜಕ್ಕೂ ತಣ್ಣಗಿದೆ ಎಂದು ಗೊತ್ತಾಯಿತು ಅನ್ನಿ. ಆಗಲೂ ಹೀಟರ್ ಕಡೆ ಹೋಗಬೇಡಿ, ತಲೆ ಎತ್ತಿ ಮಾಡು ನೋಡಿ. ನನ್ನ ವಾದದ ಗಟ್ಟಿ ಸಾಕ್ಷಿ ಇರುವುದು ಅಲ್ಲಿಯೇ. ಲೆಕ್ಕ ಸುಲಭವಿದೆ, ನಿಧಾನವಾಗಿ ಹೇಳುತ್ತೇನೆ. 50 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ಒಂದು ಹುಳು ಮನೆ. ಅದರೊಳಗಿನ ಗಾಳಿಯನ್ನು ಮಾತ್ರ 10 ಡಿಗ್ರಿ ಬಿಸಿ ಮಾಡಲು ಒಂದು ಯೂನಿಟ್ ವಿದ್ಯುತ್ ಕೂಡ ಬೇಡ. 2,000 ವ್ಯಾಟಿನ ಒಂದು ಹೀಟರ್ ಅದನ್ನು ಅರ್ಧ ಗಂಟೆಯಲ್ಲಿ ಮಾಡಬೇಕು. ಹಾಗಾದರೆ ರಾತ್ರಿಯೆಲ್ಲ ಉರಿದರೂ ಯಾಕೆ ಆಗುತ್ತಿಲ್ಲ? ಶಾಖ ನಿಲ್ಲುತ್ತಿಲ್ಲ, ಅದಕ್ಕೆ. ಒಳಗೂ ಹೊರಗೂ 10 ಡಿಗ್ರಿ ಅಂತರವಿದ್ದಾಗ ತೆಳು ಸಿಮೆಂಟ್ ಶೀಟಿನ ಅಥವಾ ತಗಡಿನ ಒಂದು ಚದರ ಮೀಟರಿನಿಂದ ಸುಮಾರು 60 ವ್ಯಾಟ್ ಶಾಖ ಹೊರಗೆ ಹೋಗುತ್ತದೆ. ಈ ಮನೆಯ ಮಾಡು 90 ಚದರ ಮೀಟರಿಗೂ ಸ್ವಲ್ಪ ಹೆಚ್ಚು. ಅಂದರೆ 5,000 ವ್ಯಾಟಿಗೂ ಮೀರಿ ಮಾಡಿನಿಂದಲೇ ಸೋರುತ್ತದೆ. ಗೋಡೆ, ಕಿಟಕಿ, ಬಾಗಿಲು ಇನ್ನೂ ಲೆಕ್ಕಕ್ಕೆ ಬಂದಿಲ್ಲ. 2,000 ವ್ಯಾಟಿನ ಹೀಟರ್ ಈ ಮನೆಯನ್ನು 10 ಡಿಗ್ರಿ ಏರಿಸಲು ಹೊಚ್ಚ ಹೊಸದಾಗಿದ್ದಾಗಲೂ ಆಗುತ್ತಿರಲಿಲ್ಲ. ಅದನ್ನು ಕೆಟ್ಟಿದೆ ಅನ್ನುವುದು ತೂತು ಬಿಂದಿಗೆ ಹಿಡಿದು ಬಾವಿಯಲ್ಲಿ ನೀರಿಲ್ಲ ಎಂದ ಹಾಗೆ. ಹೆಂಚಿನ ಮನೆಯಾದರೆ ಕತೆ ಸ್ವಲ್ಪ ಬೇರೆ. ಮಾಲೂರು ಹೆಂಚಿಗೆ ಹೆಸರಾದ ಊರು, ಸುತ್ತಲಿನ ಹಳ್ಳಿಗಳಲ್ಲಿ ಹೆಂಚಿನ ಹುಳು ಮನೆಗಳು ಇನ್ನೂ ಇವೆ. ಹೆಂಚು ಶೀಟಿಗಿಂತ ದಪ್ಪ, ಆದರೆ ಹೆಂಚು ಹೆಂಚಿನ ನಡುವೆ ಸಂದು ಜಾಸ್ತಿ. ಕೋತಿ ಓಡಾಡಿದ ಮೇಲೆ ಇನ್ನೂ ಜಾಸ್ತಿ. ಅಲ್ಲಿ ಬಿಸಿ ಗಾಳಿಯೇ ಸಂದಿನಿಂದ ಎದ್ದು ಹೋಗುತ್ತದೆ.

ಇದಕ್ಕೆ ಪರಿಹಾರ ಹೀಟರ್ ಅಂಗಡಿಯಲ್ಲಿಲ್ಲ. ಮಾಡಿನ ಕೆಳಗೆ, ತಲೆಗೆ ತಾಗದ ಎತ್ತರದಲ್ಲಿ, ದಪ್ಪ ಪ್ಲಾಸ್ಟಿಕ್ ಹಾಳೆಯನ್ನೋ ಗೋಣಿ ಹೊಲಿದ ಪರದೆಯನ್ನೋ ಚಾವಣಿಯಂತೆ ಬಿಗಿದು ಕಟ್ಟಿದರೆ ಸಾಕು. ನಡುವೆ ಸಿಕ್ಕಿಕೊಂಡ ಗಾಳಿಯೇ ಕಂಬಳಿಯ ಕೆಲಸ ಮಾಡುತ್ತದೆ. ಮಾಡಿನ ಸೋರಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಶೀಟಿನಿಂದ ಹಾಸಿಗೆಗೆ ಬೀಳುತ್ತಿದ್ದ ಹನಿಯೂ ತಪ್ಪುತ್ತದೆ. ಎರಡನೆಯ ಉಪಾಯ ಇನ್ನೂ ಅಗ್ಗ. ಚಾಕಿ ಕೇಂದ್ರದಿಂದ ಬಂದ ಹುಳು ಮೂರನೆಯ ಹಂತದಲ್ಲಿ ಮನೆಯ ಒಂದು ಮೂಲೆಯಷ್ಟೇ ಜಾಗ ಹಿಡಿಯುತ್ತದೆ. ಆ ಮೂಲೆಗಾಗಿ ಇಡೀ 50 ಅಡಿ ಮನೆ ಕಾಯಿಸುವುದೇಕೆ? ಅಡ್ಡಕ್ಕೆ ಒಂದು ಪರದೆ ಇಳಿಬಿಟ್ಟು ಅಷ್ಟನ್ನೇ ಕಾಯಿಸಿ. ಹುಳು ಬೆಳೆದ ಹಾಗೆ ಪರದೆ ಹಿಂದಕ್ಕೆ ಸರಿಸಿ. ಐದನೆಯ ಹಂತಕ್ಕೆ ಬರುವ ಹೊತ್ತಿಗೆ ಇಡೀ ಮನೆ ಬೇಕಾಗುತ್ತದೆ, ನಿಜ. ಆದರೆ ಆಗ ಬೇಕಾದ ಶಾಖವೂ 24 ಡಿಗ್ರಿಗೆ ಇಳಿದಿರುತ್ತದೆ. ಎಲ್ಲ ಮುಚ್ಚಿದರೆ ಹುಳುವಿಗೆ ಉಸಿರು ಕಟ್ಟುವುದಿಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ದೊಡ್ಡ ಹುಳುವಿಗೆ ಗಾಳಿಯಾಟ ಬೇಕು, ಹಾಸಿಗೆಯ ಕಸದಿಂದ ಏಳುವ ಘಾಟು ಹೊರಗೆ ಹೋಗಬೇಕು. ಅದಕ್ಕೆ ಮಧ್ಯಾಹ್ನ, ಹೊರಗೂ ಬೆಚ್ಚಗಿರುವಾಗ, ಕಿಟಕಿಗಳನ್ನು ತೆರೆಯಬೇಕು. ರಾತ್ರಿಯ ಸಂದು ಗಾಳಿ ಬೇರೆ. ಅದು ಬೇಕಾದಾಗ ಬರುವುದಿಲ್ಲ, ಬೇಡವಾದಾಗ ನಿಲ್ಲುವುದಿಲ್ಲ.

ಅಳತೆ ನೋಡಿದೆವು, ಮಾಡು ನೋಡಿದೆವು. ಮೂರನೆಯದು ಕರೆಂಟ್. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಹೀಟರ್ ಡಬ್ಬದ ಮೇಲೆ 2,000 ವ್ಯಾಟ್ ಎಂದು ಬರೆದಿರುತ್ತದೆ. ಅದು 230 ವೋಲ್ಟ್ ಸಿಕ್ಕಿದಾಗಿನ ಮಾತು. ವೋಲ್ಟೇಜ್ ಇಳಿದರೆ ಶಾಖ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಅದಕ್ಕಿಂತ ಜೋರಾಗಿ ಇಳಿಯುತ್ತದೆ. 180 ವೋಲ್ಟ್ ಬಂದರೆ ಈ ಹೀಟರ್ ಕೊಡುವುದು ಸುಮಾರು 1,200 ವ್ಯಾಟ್ ಮಾತ್ರ. ವೋಲ್ಟೇಜ್ ಕಾಲು ಭಾಗವೂ ಇಳಿದಿಲ್ಲ, ಶಾಖ ನೂರಕ್ಕೆ 40ರಷ್ಟು ಹೋಯಿತು. ಕಾಯಿಲ್ ಆಗಲೂ ಕೆಂಪಗೇ ಇರುತ್ತದೆ, ಸ್ವಲ್ಪ ಮಂಕಾಗಿ. ಇದು ಗೊತ್ತಿಲ್ಲದೆ ಹೀಟರ್ ಹೊತ್ತುಕೊಂಡು ಮುಳಬಾಗಿಲಿನ ರಿಪೇರಿ ಅಂಗಡಿಗೆ ಹೋಗುತ್ತಾರೆ. ಅಂಗಡಿಯವನು ಹಗಲು ಹೊತ್ತಿನಲ್ಲಿ, ಪೇಟೆಯ ಒಳ್ಳೆಯ ವೋಲ್ಟೇಜಿನಲ್ಲಿ ಹಚ್ಚಿ ತೋರಿಸುತ್ತಾನೆ. ಭಗ್ಗನೆ ಉರಿಯುತ್ತದೆ. ಏನೂ ಆಗಿಲ್ಲ, ತಗೊಂಡು ಹೋಗಿ ಅನ್ನುತ್ತಾನೆ. ಮನೆಗೆ ತಂದರೆ ಮತ್ತೆ ಅದೇ ಕತೆ. ಇಬ್ಬರೂ ಹೇಳುವುದು ನಿಜವೇ. ದೋಷ ಇಬ್ಬರ ಕೈಗೂ ಸಿಗದ ಕಡೆ, ತಂತಿಯಲ್ಲಿ, ಇದೆ. ಟೆಸ್ಟರ್ ಚುಚ್ಚಿ ನೋಡಿದರೆ ದೀಪ ಬೆಳಗುತ್ತದೆ. ಅದು ಕರೆಂಟ್ ಇದೆ ಎಂದಷ್ಟೇ ಹೇಳುತ್ತದೆ, ಎಷ್ಟಿದೆ ಎಂದು ಹೇಳುವುದಿಲ್ಲ. ಅದಕ್ಕೆ ಮಲ್ಟಿಮೀಟರ್ ಬೇಕು. ಅಳೆಯುವುದನ್ನೂ ಹೀಟರ್ ಉರಿಯುತ್ತಿರುವಾಗ, ಅದರ ಪಕ್ಕದ ಪ್ಲಗ್ಗಿನಲ್ಲಿ ಅಳೆಯಬೇಕು. ಹೀಟರ್ ಆರಿಸಿ ಅಳೆದರೆ ವೋಲ್ಟೇಜ್ ಚೆನ್ನಾಗಿಯೇ ಕಾಣುತ್ತದೆ.

ಯಾಕೆ ಹೀಗೆ? ತೋಟದ ಹುಳು ಮನೆಗೆ ಕರೆಂಟ್ ಎಷ್ಟೋ ಕಡೆ ಮೀಟರಿನಿಂದ ದೂರ ಎಳೆದ ತೆಳು ತಂತಿಯಲ್ಲಿ ಬರುತ್ತದೆ. ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು 50 ಮೀಟರ್ ಎಳೆದು ಎರಡು ಹೀಟರ್ ಹಚ್ಚಿದರೆ ತಂತಿಯಲ್ಲೇ ಸುಮಾರು 20 ವೋಲ್ಟ್ ಕಳೆದುಹೋಗುತ್ತದೆ. ಆ ಶಾಖ ತೋಟವನ್ನು ಕಾಯಿಸುತ್ತದೆ, ಹುಳುವನ್ನಲ್ಲ. ನಡುವೆ ಕೈಯಿಂದ ತಿರುಚಿ ಟೇಪ್ ಸುತ್ತಿದ ಜೋಡಣೆ ಇದ್ದರೆ, ಮಳೆಗಾಲದಲ್ಲಿ ಅದು ಹಸಿರುಗಟ್ಟಿದ್ದರೆ, ನಷ್ಟ ಇನ್ನೂ ಹೆಚ್ಚು. ಬೆಂಕಿಯ ಅಪಾಯವೂ ಅಲ್ಲೇ. 2,000 ವ್ಯಾಟಿನ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದಕ್ಕೆ ದಪ್ಪ ಕಡ್ಡಿಯ ದೊಡ್ಡ ಪ್ಲಗ್ಗೇ ಬೇಕು. ಬಲ್ಬಿನ ಸಾಕೆಟ್ಟಿಗೆ ಎಕ್ಸ್‌ಟೆನ್ಷನ್ ಹಾಕಿ ನಡೆಸಬಾರದು. ಅರ್ಧ ಗಂಟೆ ಉರಿಸಿ, ಆರಿಸಿ, ಪ್ಲಗ್ ಮುಟ್ಟಿ ನೋಡಿ. ಕೈಗೆ ಸುಡುವಷ್ಟು ಬಿಸಿಯಾಗಿದ್ದರೆ ರೋಗ ಸಿಕ್ಕಿತು. ಬೇರೆಲ್ಲೋ ಇರುವ ದೋಷಕ್ಕೆ ಹೀಟರನ್ನು ಬೈಯುವುದು ನಮ್ಮಲ್ಲಿ ಮಾತ್ರವಲ್ಲ. ಚಳಿ ದೇಶಗಳಲ್ಲಿ ಜನ ಕಾರಿನ ಹಿಂದೆ ಎಳೆದೊಯ್ಯುವ ಗಾಲಿಮನೆ ಇಟ್ಟುಕೊಳ್ಳುತ್ತಾರೆ. ಚಳಿಗಾಲವೆಲ್ಲ ಅದು ಮುಚ್ಚಿಯೇ ಇರುತ್ತದೆ. ವಸಂತದಲ್ಲಿ ತೆರೆದಾಗ ಅದರ ಗ್ಯಾಸ್ ಹೀಟರ್ ಹೊತ್ತಿಕೊಳ್ಳದೆ ತಕರಾರು ಮಾಡುತ್ತದೆ. ಎಷ್ಟೋ ಸಲ ತಪ್ಪು ಬ್ಯಾಟರಿಯದು. ಬ್ಯಾಟರಿ ಕುಗ್ಗಿ ಫ್ಯಾನ್ ನಿಧಾನವಾಗುತ್ತದೆ. ಗಾಳಿ ಸಾಲದೆಂದು ಒಳಗಿನ ರಕ್ಷಣಾ ಸ್ವಿಚ್ ಗ್ಯಾಸನ್ನೇ ಬಿಡುವುದಿಲ್ಲ. ಸಾಧನ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿರುತ್ತದೆ, ಬೈಸಿಕೊಳ್ಳುವುದೂ ಅದೇ. ಮನೆ ಬೇರೆ, ದೇಶ ಬೇರೆ, ತಪ್ಪು ಹುಡುಕುವ ದಾರಿ ಒಂದೇ.

ಈಗ ಮಾತ್ರ ಹೀಟರ್ ಹತ್ತಿರ ಬರೋಣ. ಅಳತೆ ಸರಿ, ಮಾಡು ಭದ್ರ, ವೋಲ್ಟೇಜ್ ಚೆನ್ನಾಗಿದೆ, ಆದರೂ ಶಾಖವಿಲ್ಲ ಅಂದರೆ ದೋಷ ಅದರಲ್ಲೇ ಇರಬೇಕು. ಹುಳು ಮನೆಯ ಹೀಟರಿಗೆ ಪೇಟೆಯ ಮನೆಯ ಹೀಟರಿಗಿಲ್ಲದ ಒಂದು ಶತ್ರು ಇದೆ. ಅದು ಬ್ಲೀಚಿಂಗ್ ಪುಡಿ. ಪ್ರತಿ ಬೆಳೆಗೂ ಮೊದಲು ಮನೆಯನ್ನು ನೂರಕ್ಕೆ 2ರ ಬ್ಲೀಚಿಂಗ್ ದ್ರಾವಣದಿಂದ, ಸುಣ್ಣ ಬೆರೆಸಿ, ತೊಳೆಯುತ್ತೇವೆ. ತೊಳೆಯಲೇಬೇಕು. ಆದರೆ ಮೂಲೆಯಲ್ಲಿ ಬಿದ್ದ ಹೀಟರೂ ಬೆಳೆಬೆಳೆಗೆ ಆ ಕ್ಲೋರಿನ್ ಹಬೆ ಕುಡಿದಿರುತ್ತದೆ. ತಾಮ್ರದ ತುದಿಗಳಿಗೆ ಕಿಲುಬು ಹತ್ತುತ್ತದೆ, ಕಬ್ಬಿಣದ ಸ್ಕ್ರೂಗಳಿಗೆ ತುಕ್ಕು ಹಿಡಿಯುತ್ತದೆ. ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿ, ತಂತಿ ಕೂಡುವ ತುದಿಗಳನ್ನು ಉಪ್ಪುಕಾಗದದಿಂದ ಉಜ್ಜಿ ಬಿಗಿ ಮಾಡಿದರೆ ಅರ್ಧದಷ್ಟು ದೂರುಗಳು ಅಲ್ಲಿಗೇ ಮುಗಿಯುತ್ತವೆ ಎಂದು ನನ್ನ ಅಂದಾಜು. ಮುಂದಿನ ಸಲ ತೊಳೆಯುವ ಮೊದಲು ಹೀಟರನ್ನು ಹೊರಗಿಡಿ. ಫ್ಯಾನ್ ಇರುವ ಹೀಟರಾದರೆ ಧೂಳು ನೋಡಿ. ಸುಣ್ಣದ ಪುಡಿ, ಒಣ ಸೊಪ್ಪಿನ ಪುಡಿ ಸೇರಿ ಫ್ಯಾನ್ ಬಿಗಿಯುತ್ತದೆ. ಆಗ ಕಾಯಿಲ್ ಅತಿಯಾಗಿ ಕಾದು ಒಳಗಿನ ಸುರಕ್ಷತಾ ಸ್ವಿಚ್ ಆಫ್ ಆಗುತ್ತದೆ. ಸ್ವಲ್ಪ ಹೊತ್ತು ಉರಿದು ಆರಿ ಮತ್ತೆ ಉರಿಯುವ ಹೀಟರಿನ ಕತೆ ಇದು. ಆ ಸ್ವಿಚ್ಚೇ ಅಡ್ಡಿ ಎಂದು ಅದನ್ನು ಕಿತ್ತು ನೇರ ತಂತಿ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಪಕ್ಕದಲ್ಲಿ ಪ್ಲಾಸ್ಟಿಕ್ ಪರದೆ ಇದೆ, ಒಣ ಸೊಪ್ಪಿದೆ. ಥರ್ಮೋಸ್ಟಾಟ್ ಇದ್ದರೆ ಅದರ ಸೆನ್ಸರ್ ತಂತಿಯನ್ನು ಇಲಿ ಕಡಿದಿದೆಯೇ ನೋಡಿ. ಸೆನ್ಸರ್ ಹೀಟರಿಗೆ ತೀರ ಹತ್ತಿರ ತೂಗುತ್ತಿದ್ದರೆ ಮನೆ ಕಾಯುವ ಮೊದಲೇ ಅದು ಸಾಕು ಎಂದುಬಿಡುತ್ತದೆ. ಅರ್ಥಿಂಗ್ ತಂತಿಯನ್ನು ಮಾತ್ರ ತಿಳಿದ ಎಲೆಕ್ಟ್ರಿಷಿಯನ್ ಕೈಯಲ್ಲೇ ಪರೀಕ್ಷೆ ಮಾಡಿಸಿ. ಹುಳು ಮನೆಯ ನೆಲ ಒದ್ದೆ, ಕಾಲು ಬರಿಗಾಲು.

ಗ್ಯಾಸ್ ಬ್ರೂಡರ್, ಅಂದರೆ ಗ್ಯಾಸಿನಿಂದ ಉರಿಯುವ ಹೀಟರ್, ಬಳಸುವವರಿಗೆ ಎರಡು ಮಾತು. ಎಂಟು ತಿಂಗಳು ಸುಮ್ಮನಿದ್ದ ಬರ್ನರಿನ ಸಣ್ಣ ತೂತಿನೊಳಗೆ ಜೇಡ ಬಲೆ ಕಟ್ಟುತ್ತದೆ, ಕಣಜ ಮಣ್ಣಿನ ಗೂಡು ಮೆತ್ತುತ್ತದೆ. ಉರಿ ನೀಲಿಯಾಗಿರಬೇಕಾದದ್ದು ಹಳದಿಯಾಗಿ, ಮಸಿ ಕಾರುತ್ತ ಬಂದರೆ ಗಾಳಿ ಸೇರುವ ದಾರಿ ಮುಚ್ಚಿದೆ ಎಂದರ್ಥ. ಬಿಚ್ಚಿ ಬ್ರಷ್ಷಿನಿಂದ ಸ್ವಚ್ಛ ಮಾಡಿ, ಜೆಟ್ಟಿನ ತೂತಿಗೆ ತಂತಿ ಚುಚ್ಚಿ ದೊಡ್ಡದು ಮಾಡಬೇಡಿ. ರಬ್ಬರ್ ಪೈಪ್ ಬಿರುಕು ಬಿಟ್ಟಿದೆಯೇ ನೋಡಿ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ಅಡುಗೆಮನೆಯ ಸಿಲಿಂಡರನ್ನು ಇದಕ್ಕೆ ಬಳಸಲು ಕಾನೂನಿನಲ್ಲಿ ಅವಕಾಶವಿಲ್ಲ ಎಂಬುದೂ ನೆನಪಿರಲಿ.

ಇಷ್ಟು ಮಾಡಿದ ಮೇಲೆ ಮನೆ ಬೆಚ್ಚಗಾಯಿತು. ಆದರೂ ಹುಳು ಸೊಪ್ಪು ತಿನ್ನುತ್ತಿಲ್ಲ. ಶಾಖ ಇನ್ನೂ ಸಾಲದೇನೋ ಎಂದು ಇನ್ನೊಂದು ಹೀಟರ್ ಹಚ್ಚುತ್ತಾರೆ. ಇಲ್ಲಿ ದೋಷ ನೀರಿನದು. ಗಾಳಿಯನ್ನು ಬರಿದೇ ಬಿಸಿ ಮಾಡಿದರೆ ಅದು ಒಣಗುತ್ತದೆ. ಹೊರಗಿನ 16 ಡಿಗ್ರಿಯ, ನೂರಕ್ಕೆ 85ರಷ್ಟು ತೇವವಿರುವ ಗಾಳಿಯನ್ನು ಒಳಗೆ ತಂದು 26 ಡಿಗ್ರಿಗೆ ಏರಿಸಿದರೆ ಅದರ ತೇವಾಂಶ 50ಕ್ಕಿಂತ ಕೆಳಗಿಳಿಯುತ್ತದೆ. ಮೂರನೆಯ ಹಂತದ ಹುಳುವಿಗೆ ಬೇಕಾದದ್ದು ಸುಮಾರು 80. ಸೊಪ್ಪು ಬೇಗ ಬಾಡುತ್ತದೆ, ಬಾಡಿದ ಸೊಪ್ಪನ್ನು ಹುಳು ಮುಟ್ಟುವುದಿಲ್ಲ. ಹೊಸ ಬತ್ತಿ ಹಾಕಿದ ಜೋಡಿ ಥರ್ಮಾಮೀಟರ್ ಇದನ್ನು ಥಟ್ಟನೆ ಹೇಳುತ್ತದೆ. ಎರಡರ ನಡುವೆ ಮೂರು ಡಿಗ್ರಿ ಅಂತರವಿದ್ದರೆ ತೇವಾಂಶ ಮುಕ್ಕಾಲು ಪಾಲಿಗೂ ಮೇಲಿದೆ. ಎಂಟು ಡಿಗ್ರಿ ಅಂತರವಿದ್ದರೆ ಅರ್ಧಕ್ಕಿಂತ ಕಡಿಮೆ. ಒದ್ದೆ ಗೋಣಿ ತೂಗುಹಾಕಿ, ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಡಿ. ಆದರೆ ಒಂದು ಎಚ್ಚರ. ಹುಳು ಜ್ವರಕ್ಕೆ ಕೂತಾಗ ಹಾಸಿಗೆ ಒಣಗಿರಬೇಕು, ಆಗ ಗೋಣಿ ತೆಗೆಯಿರಿ.

ಕೊನೆಯ ಆಕ್ಷೇಪ, ಎಲ್ಲಕ್ಕಿಂತ ಹಳೆಯದು. ಈ ವೋಲ್ಟೇಜು, ತಂತಿ, ಥರ್ಮೋಸ್ಟಾಟ್ ಯಾವುದೂ ಬೇಡ, ಒಂದು ಬಾಂಡಲೆ ಇದ್ದಿಲು ಕೆಂಡ ಇಟ್ಟರೆ ಆಯಿತಲ್ಲ? ಕೆಂಡ ಅಗ್ಗ, ಕರೆಂಟ್ ಹೋದರೂ ಆರುವುದಿಲ್ಲ. ಆ ಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೊಗೆಯಿಲ್ಲದ ಕೆಂಡವೇ ಹೆಚ್ಚು ಅಪಾಯಕಾರಿ. ಗಾಳಿ ಸಾಲದೆ ಉರಿಯುವ ಇದ್ದಿಲು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಮಂಪರು, ಆಮೇಲೆ ಎಚ್ಚರವೇ ಇಲ್ಲ. ಹುಳು ಚೆನ್ನಾಗಿಯೇ ಓಡಾಡುತ್ತಿದೆ, ಹಾಗಾದರೆ ಗಾಳಿ ಸರಿಯಾಗಿಯೇ ಇರಬೇಕು ಎಂದು ನಂಬಬೇಡಿ. ರೇಷ್ಮೆ ಹುಳುವಿನ ರಕ್ತದಲ್ಲಿ ಹಿಮೋಗ್ಲೋಬಿನ್ ಇಲ್ಲ. ಮನುಷ್ಯನನ್ನು ಕೊಲ್ಲುವ ಗಾಳಿಯಲ್ಲಿಯೂ ಅದು ಮುನ್ಸೂಚನೆ ಕೊಡದೆ ಇರಬಹುದು. ನಾನು ಮಾಡನ್ನು ಭದ್ರ ಮಾಡಿ, ಸಂದು ಮುಚ್ಚಿ ಎಂದದ್ದು ಕರೆಂಟ್ ಹೀಟರಿನ ಮನೆಗೆ. ಕೆಂಡವಾಗಲಿ ಗ್ಯಾಸಾಗಲಿ ಉರಿಯುವ ಮನೆಯಲ್ಲಿ ಮೇಲೊಂದು ಕಿಂಡಿ, ಕೆಳಗೊಂದು ಕಿಂಡಿ ರಾತ್ರಿಯೂ ತೆರೆದಿರಬೇಕು. ಇದ್ದಿಲನ್ನು ಹೊರಗೇ ಹೊತ್ತಿಸಿ, ಪೂರ್ತಿ ಕೆಂಡವಾದ ಮೇಲೆ ಒಳಗೆ ತನ್ನಿ. ಹುಳು ಕಾಯಲು ಯಾರೂ ಆ ಮನೆಯಲ್ಲಿ ಮಲಗಬಾರದು, ಮಕ್ಕಳನ್ನಂತೂ ಬೆಚ್ಚಗಿದೆ ಎಂದು ಅಲ್ಲಿ ಮಲಗಿಸಲೇಬಾರದು.

ಕೇಳುಗರೇ, ಇದನ್ನೆಲ್ಲ ಯಾವಾಗ ನೋಡಬೇಕು? ಚಾಕಿ ಹುಳು ಬರುವ ಒಂದು ವಾರ ಮೊದಲು, ತೊಳೆದು ಒಣಗಿದ ಖಾಲಿ ಮನೆಯಲ್ಲಿ, ಒಂದು ರಾತ್ರಿ. ಖಾಲಿ ಮನೆಗೆ ಕರೆಂಟ್ ಸುಡುವುದೇ ಎನ್ನಬೇಡಿ. 2,000 ವ್ಯಾಟಿನ ಹೀಟರ್ ಹತ್ತು ಗಂಟೆ ಉರಿದರೂ ಹೆಚ್ಚೆಂದರೆ 20 ಯೂನಿಟ್. ಥರ್ಮೋಸ್ಟಾಟನ್ನು ಪೂರ್ತಿ ಏರಿಸಿಟ್ಟು ಸಂಜೆ ಏಳಕ್ಕೆ ಹಚ್ಚಿ. ರಾತ್ರಿ ಹತ್ತಕ್ಕೊಮ್ಮೆ, ಬೆಳಗಿನ ಜಾವ ಐದಕ್ಕೊಮ್ಮೆ ಮೂರು ಅಂಕಿ ಬರೆದಿಡಿ, ಹೊರಗಿನ ಡಿಗ್ರಿ, ಒಳಗಿನ ಡಿಗ್ರಿ, ಉರಿಯುತ್ತಿರುವ ಹೀಟರಿನ ಪಕ್ಕದ ವೋಲ್ಟೇಜ್. ಒಳಗಿನ ಡಿಗ್ರಿಯನ್ನಷ್ಟೇ ನೋಡಬೇಡಿ, ಒಳಗಿಗೂ ಹೊರಗಿಗೂ ಇರುವ ಅಂತರ ನೋಡಿ. ವೋಲ್ಟೇಜ್ ಚೆನ್ನಾಗಿದ್ದು, ಎರಡು ಹೊತ್ತೂ ಅಂತರ ಒಂದೇ ಆಗಿದ್ದು, ಆದರೆ ಅದು ಸಾಲದಿದ್ದರೆ ಹೆಚ್ಚಾಗಿ ಹೀಟರ್ ಸರಿಯಾಗಿದೆ, ಮನೆ ಸೋರುತ್ತಿದೆ. ಅಂತರ ಕುಗ್ಗಿ, ಜೊತೆಗೆ ವೋಲ್ಟೇಜೂ ಕುಗ್ಗಿದ್ದರೆ ತಂತಿಯನ್ನೋ ಲೈನನ್ನೋ ವಿಚಾರಿಸಿ. ಗಾಳಿ ಬೀಸದ ರಾತ್ರಿಯಲ್ಲಿ ವೋಲ್ಟೇಜ್ ಚೆನ್ನಾಗಿದ್ದೂ ಅಂತರ ಕುಗ್ಗಿದ್ದರೆ ಹೀಟರನ್ನು ಅಂಗಡಿಗೆ ಒಯ್ಯಿರಿ. ಬರೆದಿಟ್ಟ ಚೀಟಿಯನ್ನೂ ಜೊತೆಗೆ ಒಯ್ಯಿರಿ. ಎರಡು ನಿಮಿಷ ಹಚ್ಚಿ ತೋರಿಸಿದರೆ ಒಪ್ಪಿಕೊಳ್ಳಬೇಡಿ, ಎರಡು ಗಂಟೆ ಉರಿಸಿ ನೋಡಲು ಹೇಳಿ.